ಒಂದು ಮೌನದ ಬೆಲೆ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ನಮ್ಮಲ್ಲಿದೆ. ಮಾತೇ ಬಂಡವಾಳವಾದ ವಕೀಲಿ ವೃತ್ತಿಗೆ ಇದು ಹೊಂದದೆಂದು ಯಾರಾದರೂ ನಗಬಹುದು. ಆದರೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಲೊಪ್ಪದೆ, ಬಾಳಿನುದ್ದಕ್ಕೂ ವಕೀಲಿ ಸನ್ನದಿಲ್ಲದೆ ಉಳಿದ ವಿದ್ವಾಂಸರೊಬ್ಬರ ಕಥೆಯನ್ನು ನಾನಿಂದು ಹೇಳಬೇಕೆಂದಿದ್ದೇನೆ.

ಅವರ ಹೆಸರು ಜಾರ್ಜ್ ಅನಾಸ್ಟಾಪ್ಲೊ. ಗ್ರೀಸಿನಿಂದ ಅಮೆರಿಕಕ್ಕೆ ವಲಸೆ ಬಂದ ತಂದೆತಾಯಿಗಳಿಗೆ 1925ರಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ವಿಮಾನಗಳಲ್ಲಿ ಮಾರ್ಗದರ್ಶಿಯಾಗಿ ದುಡಿದು, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಸನ್ನದಿನ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಇನ್ನುಳಿದದ್ದು, ಅಭ್ಯರ್ಥಿಗಳ ಶೀಲವನ್ನು ವಿಚಾರಿಸುವ ಇಲಿನಾಯ್ ರಾಜ್ಯದ ಸಮಿತಿಯೊಡನೆ ಒಂದು ಭೇಟಿ ಮಾತ್ರ.

ಅದು 1950ರ ನವೆಂಬರ್. ಕೊರಿಯಾದಲ್ಲಿ ಯುದ್ಧ ನಡೆದಿತ್ತು. ಅಮೆರಿಕದಲ್ಲಿ ಕಮ್ಯುನಿಸ್ಟರ ಭಯ ಮನೆಮನೆಯನ್ನೂ ಹೊಕ್ಕಿತ್ತು. ಸಂವಿಧಾನದ ತತ್ತ್ವಗಳೇನೆಂದು ಅರ್ಜಿಯಲ್ಲಿ ಕೇಳಿದ್ದಕ್ಕೆ, ಜನರ ಹಕ್ಕುಗಳನ್ನು ನಾಶಮಾಡುವ ಸರ್ಕಾರವನ್ನು ಬದಲಿಸಲು, ಕಿತ್ತೊಗೆಯಲು ಕೂಡ, ಜನರಿಗೆ ಅಧಿಕಾರವುಂಟೆಂದು ಅವರು ಬರೆದಿದ್ದರು. ಇದು ಅವರು ಹೊಸದಾಗಿ ಕಂಡುಹಿಡಿದ ತತ್ತ್ವವಲ್ಲ. 1776ರ ಸ್ವಾತಂತ್ರ್ಯ ಘೋಷಣೆಯ ಜೀವಾಳ. ಆದರೂ ಮಾತು ಅಲ್ಲೇ ಸಿಕ್ಕಿಕೊಂಡಿತು. ನೀವು ಕಮ್ಯುನಿಸ್ಟ್ ಪಕ್ಷದ ಸದಸ್ಯರೇ ಎಂಬ ಪ್ರಶ್ನೆ ಬಂತು. ಅವರು ಆ ಪಕ್ಷದವರೆಂಬುದಕ್ಕೆ ಎಳ್ಳಷ್ಟೂ ಸಾಕ್ಷ್ಯವಿರಲಿಲ್ಲ. ‘ಅಲ್ಲ’ ಎಂಬ ಎರಡಕ್ಷರ ಸಾಕಾಗಿತ್ತು. ಪ್ರಜೆಯ ಅಭಿಪ್ರಾಯವನ್ನು ಹೀಗೆ ಕೆದಕುವ ಹಕ್ಕು ಸಮಿತಿಗಿಲ್ಲವೆಂದು ಹೇಳಿ, ಅವರು ಆ ಎರಡಕ್ಷರವನ್ನೂ ಆಡಲಿಲ್ಲ.

ಸನ್ನದು ಸಿಗಲಿಲ್ಲ. 1954ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯವೂ ಕೈಬಿಟ್ಟಿತು. ಕೊನೆಗೆ ತಮ್ಮ ಮೊಕದ್ದಮೆಯನ್ನು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ತಾವೇ ನಿಂತು ವಾದಿಸಿದರು. 1961ರ ಏಪ್ರಿಲ್ 24ರಂದು 5 ಮಂದಿ ನ್ಯಾಯಮೂರ್ತಿಗಳು ಅವರ ವಿರುದ್ಧವಾಗಿಯೂ 4 ಮಂದಿ ಅವರ ಪರವಾಗಿಯೂ ತೀರ್ಪಿತ್ತರು.

ಬಹುಮತದ ಪರವಾಗಿ ಬರೆದ ಹಾರ್ಲನ್ ಅವರ ವಾದ ತಳ್ಳಿಹಾಕುವಂಥದಲ್ಲ. ಶಿಕ್ಷೆ ಅಭಿಪ್ರಾಯಕ್ಕಲ್ಲ, ವಿಚಾರಣೆಗೆ ಅಡ್ಡಬಂದುದಕ್ಕೆ ಎಂದರು ಅವರು. ಕಕ್ಷಿಗಾರನು ತನ್ನ ಆಸ್ತಿಯನ್ನೂ ಕೆಲವೊಮ್ಮೆ ಪ್ರಾಣವನ್ನೂ ಒಪ್ಪಿಸುವ ವ್ಯಕ್ತಿಯ ಶೀಲವನ್ನು ವಿಚಾರಿಸಲೇಬೇಕು, ನಿಜ. ಆದರೆ ವರ್ಷಗಟ್ಟಲೆ ವಿಚಾರಿಸಿಯೂ ಅನಾಸ್ಟಾಪ್ಲೊ ಅವರ ನಡತೆಯಲ್ಲಿ ಕಳಂಕ ಕಂಡಿರಲಿಲ್ಲವಲ್ಲ! ಭಿನ್ನಮತ ಬರೆದ ಹ್ಯೂಗೊ ಬ್ಲ್ಯಾಕ್ ಹಿಡಿದದ್ದು ಇದನ್ನೇ. ಎದೆಗಾರರನ್ನು ಹೊರಗೆ ನಿಲ್ಲಿಸಿ, ತಲೆಬಾಗುವವರನ್ನೇ ಒಳಗೆ ಬಿಟ್ಟರೆ, ಆ ವೃತ್ತಿಯ ಗೌರವವೇ ಅಳಿಯುತ್ತದೆಂಬುದು ಅವರ ಅಭಿಪ್ರಾಯದ ಸಾರ.

ಇದನ್ನು ಓದುವಾಗ ನನಗೆ ಗಾಂಧೀಜಿ ನೆನಪಾದರು. ‘ಯಂಗ್ ಇಂಡಿಯಾ’ದ ಲೇಖನಗಳಿಗಾಗಿ 1922ರಲ್ಲಿ ಅವರಿಗೆ ರಾಜದ್ರೋಹದ ಶಿಕ್ಷೆಯಾಯಿತು, ಅದೇ ವರ್ಷ ಲಂಡನ್ನಿನ ಇನ್ನರ್ ಟೆಂಪಲ್ ಅವರ ಹೆಸರನ್ನು ಬ್ಯಾರಿಸ್ಟರರ ಪಟ್ಟಿಯಿಂದ ಹೊಡೆದುಹಾಕಿತು. ಮತ್ತೆ ಸೇರಿಸಿದ್ದು 1988ರಲ್ಲಿ, ಅವರು ಗತಿಸಿ 40 ವರ್ಷಗಳಾದ ಮೇಲೆ. ಅವರಿಗೆ ಬರೆದ ಮಾತು ಮುಳುವಾಯಿತು. ಇವರಿಗೆ ಆಡದ ಮಾತು.

ಕಾಲ ತನ್ನ ವ್ಯಂಗ್ಯವನ್ನು ಬಿಡಲಿಲ್ಲ. ಕಮ್ಯುನಿಸ್ಟರಿರಬಹುದೆಂದು ಶಂಕಿಸಲಾದ ಅನಾಸ್ಟಾಪ್ಲೊ ಅವರನ್ನು 1960ರಲ್ಲಿ ಸೋವಿಯತ್ ದೇಶವೇ ಗಡಿಯಿಂದಾಚೆಗೆ ಕಳುಹಿತ್ತು. 1971ರಲ್ಲಿ ಅರಿಜೋನಾದ ಅಭ್ಯರ್ಥಿಯೊಬ್ಬರು ಇಂಥದೇ ಪ್ರಶ್ನೆಗೆ ಉತ್ತರಿಸಲೊಲ್ಲದೆ ಬಂದಾಗ, ಸರ್ವೋಚ್ಚ ನ್ಯಾಯಾಲಯ ಒಂದೇ ಮತದ ಅಂತರದಿಂದ ಅವರ ಪರವಾಯಿತು. ಮುಖ್ಯ ಅಭಿಪ್ರಾಯ ಬರೆದವರು ಅದೇ ಬ್ಲ್ಯಾಕ್. ಅದೇ ವರ್ಷ ಅವರು ತೀರಿಕೊಂಡಾಗ, ಅಂತ್ಯಕ್ರಿಯೆಯಲ್ಲಿ ಓದಿದ್ದು 1961ರ ಆ ಭಿನ್ನಮತದ ಸಾಲುಗಳನ್ನು.

ಅನಾಸ್ಟಾಪ್ಲೊ ಮತ್ತೆ ಸನ್ನದಿಗೆ ಕೈಯೊಡ್ಡಲಿಲ್ಲ. ಮೇಷ್ಟರಾದರು, ಮುಂದೆ ಷಿಕಾಗೊದ ಲೊಯೋಲಾ ಕಾನೂನು ಶಾಲೆಯಲ್ಲಿ, ತಾವು ಸೇರಲಾರದೆ ಹೋದ ವೃತ್ತಿಗೆ ಇತರರನ್ನು ಸಿದ್ಧಗೊಳಿಸಿದರು, 2014ರಲ್ಲಿ ತೀರಿಕೊಂಡರು. ಅವರ ಶೀಲಕ್ಕೆ ಪ್ರಮಾಣಪತ್ರ ಕೊಡಲು ಸಮಿತಿ ಹಿಂಜರಿಯಿತು. ಆದರೆ ನಾಳೆ ನನ್ನ ಮೇಲೊಂದು ಸುಳ್ಳು ಮೊಕದ್ದಮೆ ಬಂದು, ಊರೆಲ್ಲ ಎದುರಾಗಿ ನಿಂತಾಗ, ನಾನು ಹುಡುಕಿಕೊಂಡು ಹೋಗುವುದು ಎಂಥ ವಕೀಲರನ್ನು? ಆ ಎರಡಕ್ಷರವನ್ನು ಸುಲಭವಾಗಿ ಹೇಳಿ ಸನ್ನದು ಪಡೆದವರನ್ನಂತೂ ಅಲ್ಲ.