ಪಿಕಪ್ 10,000 ಪೌಂಡ್ ಎಳೆಯುತ್ತದೆ ಎಂದರೆ ಸಾಕೇ?

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ, ಕೊಳ್ಳುವವರು ಪಿಕಪ್‌ನ ಎಳೆಯುವ ಸಾಮರ್ಥ್ಯವನ್ನಷ್ಟೇ ನೋಡುವುದುಂಟು. ಅದು ಸಾಲದು. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಪಿಕಪ್‌ನ ಮೇಲೆಯೇ ಕೂರುತ್ತದೆ. ಸಾಮಾನು ತುಂಬಿದ ಟ್ರೇಲರ್ 7,000 ಪೌಂಡ್ (ಸುಮಾರು 3,175 ಕೆ.ಜಿ.) ಇದ್ದರೆ, 700ರಿಂದ 1,050 ಪೌಂಡ್!

ಹಾಗಾಗಿ ನಾವು ಮೊದಲು ನೋಡಿ ಎನ್ನುವುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್. ಜನ, ಸಾಮಾನು ಸೇರಿ ಎಷ್ಟು ಹೊರಬಹುದೆಂದು ಅದರಲ್ಲಿರುತ್ತದೆ. 1,400 ಎಂದಿದ್ದರೆ, 1,050 ಕಳೆದು ಉಳಿಯುವುದು 350. ಗಂಡ ಹೆಂಡತಿ ಕೂತರೆ ಮುಗಿಯಿತು, ಮಕ್ಕಳಿಗೆ ಲೆಕ್ಕದಲ್ಲಿ ಜಾಗವಿಲ್ಲ.

ಮಿತಿ ಮೀರಿದರೆ ಪಿಕಪ್‌ನ ಹಿಂಬದಿ ಕುಸಿದು ಮುಂದಿನ ಚಕ್ರಗಳ ಹಿಡಿತ ತಗ್ಗುತ್ತದೆ. ಸಾಮಾನನ್ನು ಟ್ರೇಲರ್‌ನ ಹಿಂದಕ್ಕೆ ಸರಿಸಿ ಭಾರ ಇಳಿಸುವ ‘ಉಪಾಯ’ವಂತೂ ಬೇಡವೇ ಬೇಡ: ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಓಲಾಡತೊಡಗಬಹುದು.