ಅಪ್ಪನ 'ಪೋಸ್ಟ್‌ಪೋನ್', ನಿಮ್ಮ 'ಪುಟ್ ಆಫ್'



ನಿಮ್ಮ ಮನೆಯಲ್ಲಿ ಇದನ್ನು ಗಮನಿಸಿರುತ್ತೀರಿ. ಅಪ್ಪ ಮೀಟಿಂಗನ್ನು 'ಪೋಸ್ಟ್‌ಪೋನ್' ಮಾಡುತ್ತಾರೆ, ನೀವು 'ಪುಟ್ ಆಫ್' ಮಾಡುತ್ತೀರಿ. ಅಮ್ಮನಿಗೆ ಗಲಾಟೆ 'ಟಾಲರೇಟ್' ಮಾಡಲು ಆಗುವುದಿಲ್ಲ, ನಿಮಗೆ 'ಪುಟ್ ಅಪ್ ವಿತ್' ಮಾಡಲು ಆಗುವುದಿಲ್ಲ. ಅವರ ಇಂಗ್ಲಿಷ್ ಪುಸ್ತಕ ಓದಿದ ಹಾಗೆ ಕೇಳಿಸಿ ನಿಮಗೆ ನಗು ಬರುತ್ತದೆ. ಸ್ನೇಹಿತರು ಎದುರಿಗಿದ್ದರೆ ಸ್ವಲ್ಪ ಮುಜುಗರವೂ ಆಗಬಹುದು. ಅವರಿಗೋ, ನಿಮ್ಮ ಇಂಗ್ಲಿಷ್ ತೀರಾ ಸಡಿಲ ಅನ್ನಿಸುತ್ತದೆ. ಈ ಜಗಳಕ್ಕೆ ಇಂಗ್ಲಿಷಿನ ಚರಿತ್ರೆ ಏನು ತೀರ್ಪು ಕೊಡುತ್ತದೆ, ನೋಡೋಣ.

ಹಳೆಯ ಇಂಗ್ಲಿಷಿನಲ್ಲಿ ಮೇಲೆ, ಕೆಳಗೆ, ಹೊರಗೆ ಎನ್ನುವಂಥ ಪದಗಳು ಎಷ್ಟೋ ಸಲ ಕ್ರಿಯಾಪದದ ಮುಂದೆ ಅಂಟಿಕೊಳ್ಳುತ್ತಿದ್ದವು. ಆ ಕಾಲದ ಗುರುತಾಗಿ 'ಅಂಡರ್‌ಸ್ಟ್ಯಾಂಡ್', 'ಓವರ್‌ಕಮ್', 'ವಿತ್‌ಸ್ಟ್ಯಾಂಡ್' ಇಂದಿಗೂ ಉಳಿದಿವೆ. ಕ್ರಮೇಣ ವಾಕ್ಯದ ಪದಕ್ರಮ ಬದಲಾಗಿ, ಅಂಟಿಕೊಂಡಿದ್ದ ಪದ ಬಿಡಿಯಾಗಿ ಕ್ರಿಯಾಪದದ ಹಿಂದಕ್ಕೆ ಸರಿಯಿತು. 1154ರವರೆಗಿನ ಸಂಗತಿಗಳನ್ನು ದಾಖಲಿಸಿರುವ ಪೀಟರ್‌ಬರೋ ಕ್ರಾನಿಕಲ್‌ನಲ್ಲೇ ಕೋಟೆ ಒಪ್ಪಿಸಿಬಿಡುವುದಕ್ಕೆ ಇಂದಿನ 'ಗಿವ್ ಅಪ್' ರೂಪದ ಮಾತು ಸಿಗುತ್ತದೆ. ಅಂದರೆ ನೀವು ಆಟದ ನಡುವೆ 'ಐ ಗಿವ್ ಅಪ್' ಎಂದಾಗ ಬಳಸುತ್ತಿರುವುದು ಎಂಟುನೂರು ವರ್ಷಕ್ಕೂ ಹಳೆಯ ಮಾತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ಕೂತಿತು. ಚರ್ಚು, ವಿದ್ಯೆಗಳಲ್ಲಿ ಲ್ಯಾಟಿನ್ ಮೊದಲೇ ಇತ್ತು. ಹೀಗೆ ಇಂಗ್ಲಿಷಿಗೆ ಎರಡು ಅಂತಸ್ತು ಬಂದವು. ಕೆಳಗಿನ ಅಂತಸ್ತಿನಲ್ಲಿ 'ಗೋ ಇನ್', 'ಗೋ ಆನ್', 'ಲುಕ್ ಇನ್ಟು'. ಮೇಲಿನದರಲ್ಲಿ 'ಎಂಟರ್', 'ಕಂಟಿನ್ಯೂ', 'ಇನ್‌ವೆಸ್ಟಿಗೇಟ್'. ಅರ್ಥ ಹೆಚ್ಚು ಕಡಿಮೆ ಒಂದೇ. ಆದರೆ ಒಂದು ಅಡುಗೆಮನೆಯ ಮಾತು, ಇನ್ನೊಂದು ಕಚೇರಿಯ ಮಾತು.

1755ರಲ್ಲಿ ತನ್ನ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಇದು ಗೊತ್ತಿತ್ತು. ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿ ಅರ್ಥವೇ ಬದಲಾಗುವ ಈ ರೀತಿ ಹೊರಗಿನವರಿಗೆ ಬಹಳ ಕಷ್ಟ, ಆದ್ದರಿಂದ ಅಂಥವನ್ನು ಎಚ್ಚರಿಕೆಯಿಂದ ಗುರುತಿಸಿದ್ದೇನೆ ಎಂದು ಮುನ್ನುಡಿಯಲ್ಲಿ ಬರೆದ. ಇವುಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರು ಮಾತ್ರ ತೀರಾ ಈಚಿನದು. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಪುಸ್ತಕದಲ್ಲಿ ಅದನ್ನು ಬಳಸಿದ, ಹೆಸರು ಸೂಚಿಸಿದ್ದು ನಿಘಂಟುಕಾರ ಹೆನ್ರಿ ಬ್ರಾಡ್ಲಿ ಎಂದೂ ಹೇಳಿದ.

ಇನ್ನೊಂದು ಜಗಳ 'ದಟ್', 'ವಿಚ್', 'ಹೂ' ಪದಗಳದ್ದು. 'ದ ಬಾಯ್ ಹೂ ಕೇಮ್ ಯೆಸ್ಟರ್ಡೇ' ಎಂಬಲ್ಲಿ ಹುಡುಗನನ್ನೂ ಬಂದದ್ದನ್ನೂ ಜೋಡಿಸುವುದು 'ಹೂ'. ಈ ಮೂವರಲ್ಲಿ ಹಿರಿಯ 'ದಟ್'. ಜೋಡಿಸುವ ಕೆಲಸಕ್ಕೆ 'ವಿಚ್' ಬಂದದ್ದು ಆಮೇಲೆ, 'ಹೂ' ಚೆನ್ನಾಗಿ ನೆಲೆಯೂರಿದ್ದು 16ನೇ ಶತಮಾನದ ಹೊತ್ತಿಗೆ. 1611ರ ಇಂಗ್ಲಿಷ್ ಬೈಬಲ್ಲಿನ ಪ್ರಸಿದ್ಧ ಪ್ರಾರ್ಥನೆಯಲ್ಲಿ ದೇವರಿಗೇ 'ವಿಚ್' ಬಳಸಿದ್ದಾರೆ! ಮನುಷ್ಯರಿಗೆ 'ಹೂ', ವಸ್ತುಗಳಿಗೆ 'ವಿಚ್' ಎಂಬ ಶಾಲೆಯ ನಿಯಮ ಆಗ ಗಟ್ಟಿಯಾಗಿರಲಿಲ್ಲ.

ತಮಾಷೆ ನೋಡಿ. 1711ರಲ್ಲಿ 'ದಿ ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಒಂದು ಹುಸಿ ಮನವಿಪತ್ರ ಅಚ್ಚಾಯಿತು. ಅರ್ಜಿದಾರರು 'ಹೂ' ಮತ್ತು 'ವಿಚ್'. ನಿನ್ನೆ ಮೊನ್ನೆ ಬಂದ 'ದಟ್' ನಮ್ಮ ಜಾಗ ಕಿತ್ತುಕೊಂಡಿದೆ ಎಂಬುದು ಅವರ ದೂರು. ಚರಿತ್ರೆಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮನೆಯ ಯಜಮಾನನನ್ನೇ ಬಾಡಿಗೆದಾರ ಎಂದ ಹಾಗಾಯಿತು.

'ದ ಚೇರ್ ದಟ್ ಐ ಸ್ಯಾಟ್ ಆನ್' ಎಂದರೆ ಕೊನೆಯಲ್ಲಿ 'ಆನ್' ಬರಬಾರದು, 'ದ ಚೇರ್ ಆನ್ ವಿಚ್' ಎನ್ನಬೇಕು ಎಂದು ಯಾರೋ ತಿದ್ದಿರಬಹುದು. 'ದಟ್' ಇದ್ದ ಕಡೆ 'ಆನ್' ಅದರ ಮುಂದೆ ನಿಲ್ಲುವುದೇ ಇಲ್ಲ, ಹಿಂದೆಯೇ ಉಳಿಯಬೇಕು. ಹಾಗಾಗಿ ಇದೂ ಹಳೆಯ ರೂಢಿಯೇ. ಅದಕ್ಕೆ ಹೆಸರಾಂತ ಆಕ್ಷೇಪ ಎತ್ತಿದ್ದು ಕವಿ ಜಾನ್ ಡ್ರೈಡನ್, 1672ರಲ್ಲಿ. ಲ್ಯಾಟಿನ್ ಅವನಿಗೆ ಮಾದರಿ. 1668ರ ತನ್ನ ಪ್ರಬಂಧವನ್ನೇ 1684ರಲ್ಲಿ ತಿದ್ದಿ, ಕೊನೆಗೆ ಬಂದಿದ್ದ ಅಂಥ ಪದಗಳನ್ನು ಎತ್ತಿ ಮುಂದಿಟ್ಟ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್, ಇದು ನಮ್ಮ ಭಾಷೆಯ ಒಲವು, ಮಾತಿನಲ್ಲಿ ಸರಿ, ಗಂಭೀರ ಬರವಣಿಗೆಯಲ್ಲಿ ಮೊದಲೇ ಬಂದರೆ ಚೆಂದ ಎಂದ. ಆ ಮಾತು ಹೇಳುವಾಗ ಅವನೇ ಅಂಥ ಪದವನ್ನು ಕೊನೆಯಲ್ಲಿಟ್ಟಿದ್ದ! ಮುಂದೆ ಶಾಲೆಯ ವ್ಯಾಕರಣಗಳಲ್ಲಿ 'ಚೆಂದ' ಹೋಗಿ 'ನಿಯಮ' ಆಯಿತು.

ನಿಮ್ಮ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಇಂಗ್ಲಿಷ್ ಕಲಿತದ್ದು ಇಂಥ ವ್ಯಾಕರಣ ಪುಸ್ತಕಗಳಿಂದ, ಪಾಠ ಪ್ರಬಂಧಗಳಿಂದ. ಅವರಿಗೆ ಮೇಲಿನ ಅಂತಸ್ತಿನ ಬಾಗಿಲು ಮೊದಲು ತೆರೆಯಿತು. 'ಪುಟ್ ಅಪ್ ವಿತ್' ಇರುವುದು ಆಟದ ಮೈದಾನದಲ್ಲಿ, ಪಕ್ಕದ ಮನೆಯ ಜಗಲಿಯಲ್ಲಿ. ಅಲ್ಲಿ ಅವರ ಬಾಲ್ಯ ಕಳೆದದ್ದು ಕನ್ನಡದಲ್ಲಿ. ಹಾಗಾಗಿ ಅವರ 'ಟಾಲರೇಟ್' ತಪ್ಪಲ್ಲ, ನಿಮ್ಮ 'ಪುಟ್ ಅಪ್ ವಿತ್' ಕೀಳೂ ಅಲ್ಲ. ಒಂದೇ ಮನೆಗೆ ಎರಡು ಬಾಗಿಲಿಂದ ಬಂದಿದ್ದೀರಿ, ಅಷ್ಟೆ.

ಕನ್ನಡದಲ್ಲೂ ಇವೇ ಅಂತಸ್ತುಗಳಿವೆ. 'ಒಳಗೆ ಹೋಗು' ಮತ್ತು 'ಪ್ರವೇಶಿಸು', 'ಬಿಟ್ಟುಬಿಡು' ಮತ್ತು 'ತ್ಯಜಿಸು', 'ಹುಡುಕು' ಮತ್ತು 'ಶೋಧಿಸು'. ಲ್ಯಾಟಿನ್ ಕೂತ ಜಾಗದಲ್ಲಿ ನಮಗೆ ಸಂಸ್ಕೃತ. ಪರೀಕ್ಷೆ 'ಮುಂದಕ್ಕೆ ಹಾಕಿದರು' ಎನ್ನುತ್ತೇವಲ್ಲ, ಅದು 'ಪುಟ್ ಆಫ್' ಮಾತಿನ ಸೋದರಿಯೇ. ನಿಮಗೆ ಅಜ್ಜಿಯಿಂದ ಬಂದಿರುವುದು ಈ ಮನೆಮಾತಿನ ಕನ್ನಡ. 'ತ್ಯಜಿಸು' ಗೊತ್ತಿಲ್ಲ ಎಂದು ಕನ್ನಡವೇ ಬರುವುದಿಲ್ಲ ಅಂದುಕೊಳ್ಳಬೇಡಿ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಿಮ್ಮಲ್ಲಿ ಕೆಲವರು 'ಆ ಹುಡುಗ ಯಾರು ನಿನ್ನೆ ಬಂದ' ಎನ್ನುವುದುಂಟು. ಅದು 'ಹೂ' ಕನ್ನಡದ ವೇಷ ಹಾಕಿಕೊಂಡು ಬಂದದ್ದು. ಕನ್ನಡಕ್ಕೆ ಅಲ್ಲಿ ಜೋಡಿಸುವ ಪದವೇ ಬೇಡ. ಕೆಲಸ ಮೊದಲು ಹೇಳಿ, ಆಮೇಲೆ ಹೆಸರು ಹೇಳಿ: 'ನಿನ್ನೆ ಬಂದ ಹುಡುಗ'. 'ನಾನು ಕೂತ ಕುರ್ಚಿ' ಎಂದರೆ 'ಆನ್' ಎಲ್ಲಿಡಬೇಕು ಎಂಬ ಡ್ರೈಡನ್ನನ ತಲೆನೋವೂ ಇಲ್ಲ. 'ಅಮ್ಮ ಮಾಡಿದ ಸಾರು', 'ಅಜ್ಜಿ ಕಳಿಸಿದ ಉಪ್ಪಿನಕಾಯಿ', 'ನಾವು ಇರುವ ಊರು' ಎಂದು ನಾಲ್ಕು ದಿನ ಹೇಳಿ ನೋಡಿ, ನಾಲಿಗೆ ತಾನೇ ದಾರಿ ಹಿಡಿಯುತ್ತದೆ.

ಇನ್ನು ಮುಂದೆ ಅಪ್ಪ 'ಪೋಸ್ಟ್‌ಪೋನ್' ಎಂದಾಗ ನಗುವ ಬದಲು ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿ. ನಿಮ್ಮ 'ಪುಟ್ ಆಫ್' ಮಾತನ್ನು ಅವರಿಗೂ ಕೊಡಿ.