ಹಬ್ಬದ ಬಯಲಿನಲ್ಲಿ ಹೆಂಗಸರು

ರಂಜಾನ್ ಹಬ್ಬದ ಬೆಳಿಗ್ಗೆ ನಮ್ಮೂರ ಗಂಡಸರು ಅತ್ತರು ಪೂಸಿಕೊಂಡು ಈದ್ಗಾಕ್ಕೆ ಹೊರಟರೆ, ನಾವು ಹೆಂಗಸರು ಸುರಕುಂಬಾದ ಹಾಲು ಉಕ್ಕದಂತೆ ಕಾಯುತ್ತ ಒಲೆಯ ಮುಂದಿರುತ್ತೇವೆ. ಇದೇ ಮೊದಲಿನಿಂದ ಬಂದ ಪದ್ಧತಿ ಎನ್ನುವವರುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ. ರಂಜಾನ್ ಉಪವಾಸ ಕಡ್ಡಾಯವಾದದ್ದು ಹಿಜರಿ 2ರಲ್ಲಿ, ಅಂದರೆ ಕ್ರಿ.ಶ. 624ರಲ್ಲಿ, ಮದೀನಾದಲ್ಲಿ. ಅಲ್ಲಿ ಪ್ರವಾದಿಯವರು ಹಬ್ಬದ ನಮಾಜಿಗೆ ಬಯಲಿಗೆ ಹೋಗುತ್ತಿದ್ದರು. ಹೆಂಗಸರೂ ಬರಲಿ ಎಂದರು. ಮುಟ್ಟಾದವರು ನಮಾಜಿನ ಸಾಲಿನಿಂದ ಸರಿದು ನಿಂತು ದುವಾದಲ್ಲಿ ಸೇರಲಿ ಎಂದರು. ಹೊದೆಯಲು ವಸ್ತ್ರವಿಲ್ಲದವಳು? ಅವಳಿಗೆ ಗೆಳತಿ ತನ್ನದರಲ್ಲಿ ಪಾಲು ಕೊಡಲಿ. ಇದನ್ನು ಹೇಳಿ ಉಳಿಸಿದವರೂ ಹೆಂಗಸೇ, ಉಮ್ಮು ಅತಿಯ್ಯಾ ಎಂಬವರು; ಬುಖಾರಿಯವರ ಸಂಗ್ರಹದಲ್ಲಿದೆ. ನಮಾಜಿಗೆ ಮುನ್ನ ತಲೆಗೊಂದು ಅಳತೆ ಖರ್ಜೂರವೋ ಬಾರ್ಲಿಯೋ ಬಡವರಿಗೆ ಮುಟ್ಟಬೇಕೆಂಬ ಫಿತ್ರಾದಲ್ಲೂ ಹೆಣ್ಣು ಗಂಡೆಂಬ ಭೇದವಿಲ್ಲ. ಫಿತ್ರಾ ಲೆಕ್ಕದಲ್ಲಿ ನಮ್ಮ ತಲೆಯನ್ನು ತಪ್ಪದೆ ಎಣಿಸುವವರು ಈದ್ಗಾದಲ್ಲಿ ನಮಗೊಂದು ಸಾಲು ಬಿಡಲು ಯಾಕೆ ಹಿಂಜರಿಯುತ್ತಾರೋ!